ಲೋಟ ತುಂಬುವ ತನಕ

ಉಚ್ಚೆ ಬರಲಿಲ್ಲ. ಇದರಲ್ಲಿ ನಗೋದೇನಿದೆ? ಬೇಕರ್ಸ್‌ಫೀಲ್ಡಿನ ಆ ಕ್ಲಿನಿಕ್ಕಿನ ಕಕ್ಕಸಿನಲ್ಲಿ ಪ್ಲಾಸ್ಟಿಕ್ ಲೋಟ ಹಿಡಿದು ನಿಂತಿದ್ದೆ. ಪ್ಯಾಂಟು ತೊಡೆಯಿಂದ ಕೆಳಗಿಳಿದಿತ್ತು. ಪಕ್ಕದಲ್ಲಿ ಎಫ್ರೇನ್ ಅನ್ನೋ ಮನುಷ್ಯ ಕಣ್ಣು ಮಿಟುಕಿಸದೆ ಅಲ್ಲಿಗೇ ನೋಡ್ತಿದ್ದ. ನೋಡೋದೇ ಅವನ ಕೆಲಸ. ನಶೆ ಪರೀಕ್ಷೆಯಲ್ಲಿ ಒಂದು ಸಲ ಸಿಕ್ಕಿಬಿದ್ದ ಡ್ರೈವರು ಮತ್ತೆ ಟ್ರಕ್ಕು ಹತ್ತಬೇಕಾದರೆ ಹೀಗೆ ಇನ್ನೊಬ್ಬರ ಕಣ್ಣೆದುರೇ ಕೊಡಬೇಕು. ಗಡ್ಡ ನರೆತ ಗಂಡಸು ನಾನು, ಖಾಲಿ ಲೋಟವನ್ನೇ ನೋಡ್ತಾ ನಿಂತಿದ್ದೆ.

"ನನ್ನನ್ನ ಗೋಡೆ ಅಂದ್ಕೊಳ್ಳಿ ಪಾಜಿ," ಅಂದ ಎಫ್ರೇನ್. ನಮ್ಮ ಪಂಜಾಬಿ ಡ್ರೈವರುಗಳ ಜೊತೆ ಏಗಿ ಏಗಿ ಆ ಮೆಕ್ಸಿಕೋದವನ ಬಾಯಲ್ಲೂ ಅಣ್ಣ ಅನ್ನೋದಕ್ಕೆ ಪಾಜಿ ಅಂತಲೇ ಕೂತುಬಿಟ್ಟಿತ್ತು.

"ಗೋಡೆ ಹಿಂಗೆ ದುರುಗುಟ್ಟಿಕೊಂಡು ನೋಡುತ್ತೇನಯ್ಯಾ?"

"ಸರಿ, ಹೊರಗೆ ಕೂತು ನೀರು ಕುಡೀರಿ. ಮೂರು ಗಂಟೆ ಟೈಮಿದೆ. ಆದ್ರೆ ಆ ಮುಂಬಾಗಿಲು ದಾಟಿದ್ರೋ, ಕತೆ ಮುಗೀತು."

ನನಗೆ ಹೇಳ್ತಾನೆ! ನಾನು ಹಾಳಾಗಿದ್ದೇ ಅಂಥ ಬಾಗಿಲಿಂದ. ಹೋದ ವರ್ಷ ಕಂಪನಿಯವರು ಏಕಾಏಕಿ ಪರೀಕ್ಷೆಗೆ ಕಳಿಸಿದ್ದರು. ಸರದಿಗೆ ಕಾಯ್ತಾ ಕೂತಿದ್ದಾಗ ನಮ್ಮಮ್ಮ, ಬೀಜಿ, ಫೋನು ಮಾಡಿ "ಬಚ್ಚಲಲ್ಲಿ ಬಿದ್ದಿದೀನಿ ಪುತ್ತರ್" ಅಂದಳು. ಎದ್ದು ಓಡಿದೆ. ಯಾವ ಮಗ ಓಡಲ್ಲ? ಅವಳ ಸೊಂಟ ಮುರಿದಿತ್ತು. ಮಾರನೇ ದಿನ ಬಂದು ನೋಡಿದರೆ ನನ್ನ ಫೈಲಿನಲ್ಲಿ, ತರ್ಸೇಮ್ ಸಿಂಗ್ ಪರೀಕ್ಷೆಗೆ ಒಪ್ಪಲಿಲ್ಲ ಅಂತ ಬರೆದಾಗಿತ್ತು. ಒಪ್ಪದವನೂ ಒಂದೇ, ನಶೆ ಮಾಡಿದವನೂ ಒಂದೇ. ಬೀಡಿ ಕೂಡ ಮುಟ್ಟದವನು ನಾನು! ಗುರುದ್ವಾರದಲ್ಲಿ ಜನ ನನ್ನ ಕಣ್ಣು ಕೆಂಪಗಿದೆಯಾ ಅಂತ ಇಣುಕಿ ನೋಡೋಕೆ ಶುರು ಮಾಡಿದರು. ಬುದ್ಧಿವಾದದ ತರಗತಿಗಳಲ್ಲೆಲ್ಲ ತಲೆ ತಗ್ಗಿಸಿ ಕೂತು ಮುಗಿಸಿದೆ. ಇಷ್ಟಾದ ಮೇಲೆ ಒಂದೇ ಒಂದು ಕಂಪನಿ, ಇವತ್ತಿನ ಪರೀಕ್ಷೆ ಸರಿಹೋದರೆ ತಗೋತೀವಿ ಅಂದಿತ್ತು. ಇವತ್ತೂ ತಪ್ಪಿದರೆ ಸ್ಟಿಯರಿಂಗ್ ಹಿಡಿಯೋ ಆಸೆ ಬಿಟ್ಟ ಹಾಗೇ. ಹೆಂಡತಿ ಜಸ್ವೀರ್ ಒಬ್ಬಳೇ ಬಾದಾಮಿ ಫ್ಯಾಕ್ಟರಿಯಲ್ಲಿ ನಿಂತು ನಿಂತು ಮನೆ ನಡೆಸ್ತಿದ್ದಳು.

ಹಾಗಾಗಿ ಬೆಳಿಗ್ಗೆ ಹೊರಡುವಾಗ ಬೀಜಿಯನ್ನ ಕುರ್ಚಿಯಲ್ಲಿ ಕೂರಿಸಿ, ಫೋನು ಮಡಿಲಿಗಿಟ್ಟು ಗದರಿದ್ದೆ. "ಇವತ್ತು ಬಿದ್ರೆ ನಾನು ಬರೋಕಾಗಲ್ಲ, ಗೊತ್ತಾಯ್ತಾ? ನನ್ನ ಕೆಲಸ ಮುಗಿಯೋ ತನಕ ಏಳ್ಬೇಡ." ಚಿಕ್ಕ ಹುಡುಗಿ ಥರ ತಲೆಯಾಡಿಸಿದ್ದಳು.

ಹೊರಗೆ ಕೂತು ನೀರು ಕುಡಿದೆ. ಹೊಟ್ಟೆ ತುಂಬಿದ ಬಿಂದಿಗೆ ಥರ ಆಯಿತು, ಆದರೂ ಊಹ್ಞೂಂ. ಅಷ್ಟರಲ್ಲಿ ಎಫ್ರೇನ್ ಬೀಗ ಹಾಕಿಟ್ಟಿದ್ದ ಪೆಟ್ಟಿಗೆಯೊಳಗೆ ನನ್ನ ಫೋನು ಹೊಡೆದುಕೊಂಡಿತು. ಬೀಜಿಗೆ ಅಂತಲೇ ನಾನು ಬೇರೆ ರಿಂಗು ಇಟ್ಟಿದ್ದೆ. ಅದೇ ರಿಂಗು!

"ಎಫ್ರೇನ್, ನಮ್ಮಮ್ಮ ಕಣೋ. ಒಂದೇ ಮಾತು ಮಾತಾಡಿ ಕೊಡ್ತೀನಿ."

"ಪರೀಕ್ಷೆ ಮುಗಿಯೋ ತನಕ ಪೆಟ್ಟಿಗೆ ತೆಗೆಯೋ ಹಾಗಿಲ್ಲ ಪಾಜಿ. ಹೋಗ್ಬೇಕಂದ್ರೆ ಹೋಗಿ, ನಾನೇನು ಹಿಡ್ಕೊಳ್ಳಲ್ಲ. ಬರ್ಕೋತೀನಿ, ಅಷ್ಟೆ."

ರಿಂಗು ನಿಂತಿತು. ಮತ್ತೆ ಹೊಡೆಯಿತು. ಮತ್ತೆ ನಿಂತು ಮತ್ತೆ ಹೊಡೆಯಿತು. ಬಚ್ಚಲ ನೆಲ, ನೀರು, ಅವಳ ಬಿಳಿ ಜಡೆ, ಎಲ್ಲ ಕಣ್ಣಮುಂದೆ ಬಂತು. ಎದ್ದು ಬಾಗಿಲ ತನಕ ಹೋದೆ, ಹಿಡಿಕೆಯ ಮೇಲೆ ಕೈಯನ್ನೂ ಇಟ್ಟೆ. ಎಫ್ರೇನ್ ಪೆನ್ನು ತೆಗೆದ. ವಾಹೆಗುರು, ನಾನು ವಾಪಸ್ ಬಂದು ಕೂತೆ. ಹೆತ್ತವಳು ನೆಲದ ಮೇಲೆ ಬಿದ್ದಿರಬಹುದು ಅಂತ ಅನ್ನಿಸ್ತಿದ್ರೂ ಕೂತೆ.

ಆಮೇಲೆ ಫೋನು ಹೊಡೆಯಲೇ ಇಲ್ಲ.

ಕಾದೆ. ಇಲ್ಲ. ಹೊಡೆಯೇ ತಾಯಿ, ಇನ್ನೊಂದು ಸಲ ಹೊಡೆಯೇ ಅಂತ ಒಳಗೊಳಗೇ ಬೇಡಿಕೊಂಡೆ. ಇಲ್ಲ. ಕಿಬ್ಬೊಟ್ಟೆಯಲ್ಲಿ ಏನೋ ಕಳಚಿಕೊಂಡಂತಾಯಿತು. "ಎಫ್ರೇನ್, ಬಂತು! ಲೋಟ ತಾರೋ!" ಅಂತ ಕೂಗಿ ಓಡಿದೆ. ಮೂರು ಹೊತ್ತಿನದೂ ಒಟ್ಟಿಗೇ ಬಂದ ಹಾಗೆ ಬಂತು. ಅದರ ಜೊತೆಗೇ ಅಳುವೂ ಬಂತು. ಎಫ್ರೇನ್ ನೋಡ್ತಾನೇ ಇದ್ದ, ಈ ಸಲ ತಮಾಷೆ ಮಾಡಲಿಲ್ಲ.

ಸೀಲು, ಸಹಿ, ಮತ್ತೊಂದು ಸಹಿ. ಪೆಟ್ಟಿಗೆ ತೆಗೆದ. ಫೋನು ಹಚ್ಚಿದೆ. ತುಂಬ ಹೊತ್ತು ಹೊಡೆದ ಮೇಲೆ ತೆಗೆದಳು.

"ಬೀಜಿ! ಬಿದ್ಯಾ? ಎಲ್ಲಿ ಬಿದ್ದೆ?"

"ಏಳಲೇ ಇಲ್ಲ ಪುತ್ತರ್, ಇನ್ನೆಲ್ಲಿ ಬೀಳ್ಲಿ?" ದನಿ ಸಣ್ಣಗಿತ್ತು. "ನಿನ್ನ ಕೆಲಸ ಮುಗೀತಾ ಅಂತ ಕೇಳೋಣ ಅಂತ ಮಾಡಿದೆ. ನೀನು ತೆಗೀಲಿಲ್ಲ."

"ಮುಗೀತು ಬೀಜಿ. ಎಲ್ಲಾ ಆಯ್ತು."

"ಸದ್ಯ." ದನಿ ಇನ್ನೂ ತಗ್ಗಿಸಿದಳು. "ಬೆಳಿಗ್ಗೆಯಿಂದ ತಡ್ಕೊಂಡೇ ಕೂತಿದ್ದೆ ಕಣೋ. ಕೊನೆಗೆ ಕುರ್ಚೀಲೇ ಆಗೋಯ್ತು. ಜಸ್ವೀರ್‌ಗೆ ಹೇಳ್ಬೇಡ. ಈಗ ಏಳ್ಲಾ?"