ಪರದೆ ಸಾಕು, ತಮ್ಮ ಬೇಕು

ಒಂದು ಬೇಕರಿಗೆ ಎಷ್ಟು ಪರದೆ ಬೇಕಾದೀತು? ಕಿಟಕಿಗೆರಡು, ಒಳಬಾಗಿಲಿಗೊಂದು. ಆದರೆ ಈ ಕಥೆಯ ಬೇಕರಿಯಲ್ಲಿ ಬಿಸ್ಕತ್ತಿನ ಕಪಾಟಿಗೂ ಪರದೆಯಿದೆ, ತಕ್ಕಡಿಗೂ ಇದೆ, ಮೈದಾ ಮೂಟೆಗಳಿಗಂತೂ ಅಂಚಿಗೆ ನೆರಿಗೆ ಕೊಟ್ಟ ಪರದೆಯೇ ಇದೆ. ಅಷ್ಟನ್ನೂ ಹೊಲಿದವಳು ಬೇಕರಿಯವನ ಅಕ್ಕ. ಪ್ರೀತಿ ಉಕ್ಕಿ ಹೊಲಿದಳು ಎಂದುಕೊಳ್ಳಬೇಡಿ. ಸೋತು ಹೊಲಿದಳು.

ಅಕ್ಕ ದರ್ಜಿ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ, ಹೊಲಿಗೆ ಯಂತ್ರದ ಪಕ್ಕದ ಮೇಜಿನ ಮೇಲೆ ಕಂಪ್ಯೂಟರು. ಭಾನುವಾರ ಮಧ್ಯಾಹ್ನ ಕೊರಳಲ್ಲಿನ ಅಳತೆ ಟೇಪನ್ನೂ ತೆಗೆಯದೆ ಅದರ ಮುಂದೆ ಕೂರುತ್ತಾಳೆ. ಅದೇ ಹೊತ್ತಿಗೆ ಬೇರೊಂದು ಊರಿನಲ್ಲಿ ತಮ್ಮ ಹಿಟ್ಟಿನ ಕೈ ಒರೆಸಿಕೊಂಡು ತನ್ನ ಕಂಪ್ಯೂಟರಿನ ಮುಂದೆ ಕೂರುತ್ತಾನೆ. ಇಬ್ಬರೂ ಕಾರ್ ರೇಸ್ ಆಡುತ್ತಾರೆ, ಬಾಜಿ ಕಟ್ಟಿ. ತಮ್ಮ ಗೆದ್ದರೆ ಅಕ್ಕ ಬೇಕರಿಗೆ ಏನಾದರೂ ಹೊಲಿದು ಕಳಿಸಬೇಕು. ಅಕ್ಕ ಗೆದ್ದರೆ ತಮ್ಮ ಬೇಕರಿಗೆ ಬೀಗ ಜಡಿದು ಒಂದು ವಾರ ಅಕ್ಕನ ಮನೆಗೆ ಬರಬೇಕು.

ಅವಳಿಗೆ ಬೇಕಾಗಿದ್ದುದು ಅದೊಂದೇ. ಬೇಕರಿ ತೆರೆದ ಮೇಲೆ ಆ ಮಹಾಶಯ ಒಂದು ಸಲವೂ ಇತ್ತ ತಲೆ ಹಾಕಿರಲಿಲ್ಲ. "ಒಲೆ ಆರಿಸೋಕಾಗಲ್ಲ ಅಕ್ಕಾ" ಎನ್ನುವುದು ಅವನ ನಿತ್ಯದ ಪಾಠ. ಅಕ್ಕನೇ ಹೋದರೆ ಒಲೆಯ ಕಡೆ ಮುಖ ಮಾಡಿಕೊಂಡೇ ಮಾತಾಡುತ್ತಿದ್ದ. ಎರಡು ದಿನ ಅವನ ಬೆನ್ನು ನೋಡಿ ಬಂದವಳಿಗೆ ತಮ್ಮನನ್ನು ಎದುರಿಗೆ ಕೂರಿಸಿಕೊಂಡು ಹೊಟ್ಟೆ ತುಂಬ ಮಾತಾಡಬೇಕು ಎನ್ನುವ ಆಸೆ ಇನ್ನೂ ಹೆಚ್ಚಾಗಿತ್ತು.

ಆದರೆ ಗೆಲ್ಲುವುದು ಹೇಗೆ? ಓಟ ಶುರುವಾದಾಗ ಎಲ್ಲವೂ ಸರಿಯಾಗಿರುತ್ತದೆ. ಅರ್ಧ ದಾರಿಗೆ ಬಂದ ಹಾಗೆ ಚಿತ್ರ ತಡವರಿಸತೊಡಗುತ್ತದೆ. ತಿರುವು ಕಾಣುತ್ತದೆ, ಅವಳು ತಿರುಗಿಸುತ್ತಾಳೆ, ಮುಂದಿನ ಚಿತ್ರ ಮೂಡುವ ಹೊತ್ತಿಗೆ ಅವಳ ಕೆಂಪು ಕಾರು ಹುಲ್ಲಿನಲ್ಲಿ ಅಂಗಾತ ಬಿದ್ದಿರುತ್ತದೆ.

"ಗ್ರಾಫಿಕ್ಸ್ ಕಾರ್ಡ್ ಮುದಿಯಾಗಿದೆ ಅಕ್ಕಾ. ಚಿತ್ರ ಬಿಡಿಸೋದೇ ಅದು. ದಮ್ಮಯ್ಯ, ಹೊಸದು ಹಾಕಿಸು" ಎಂದು ತಮ್ಮ ವಾರವಾರವೂ ಗೋಗರೆದ. ಗೆಲ್ಲುವವನಿಗೆ ಯಾಕಪ್ಪಾ ಇಷ್ಟು ಕಾಳಜಿ ಎಂದು ಅವಳಿಗೆ ಹೊಳೆಯಲೂ ಇಲ್ಲ. ಕೊನೆಗೆ ಕಾರ್ಡಿಗೆಂದು ಕೂಡಿಟ್ಟ ದುಡ್ಡು ಹೊರತೆಗೆದಳು.

ಅವಳ ಗಂಡ ಬಸ್ ಡ್ರೈವರ್. ನಿಜವಾದ ಗಾಡಿ ಓಡಿಸುವವನಾದ್ದರಿಂದ ಈ ಆಟದ ಬಗ್ಗೆ ಅವನಿಗೆ ಸ್ವಲ್ಪ ತಾತ್ಸಾರ. "ಹೊಸ ಹೊಲಿಗೆ ಯಂತ್ರಕ್ಕೆ ಅಂತ ತೆಗೆದಿಟ್ಟಿದ್ದಲ್ವಾ ಆ ದುಡ್ಡು?" ಎಂದ.

"ಹಳೇ ಯಂತ್ರ ಇನ್ನೂ ಹೊಲಿಯತ್ತೆ ರೀ."

"ಹಳೇ ಕಾರ್ಡೂ ಓಡತ್ತಲ್ಲ."

"ಓಡಲ್ಲ, ಕುಂಟತ್ತೆ. ನಿಮ್ಮ ಬಸ್ ಥರ."

ಡ್ರೈವರ್ ತೆಪ್ಪಗೆ ಕಂಪ್ಯೂಟರನ್ನು ಹೊತ್ತು ಅವಳ ಜೊತೆ ಕಂಪ್ಯೂಟರ್ ಅಂಗಡಿಗೆ ನಡೆದ. ಹೊರಡುವ ಮುನ್ನ ಅಕ್ಕ ಅದರ ಕೋಟು ಬಿಚ್ಚಿ ಮಡಿಸಿಟ್ಟಳು. ಹೌದು, ಕೋಟು. ದರ್ಜಿ ಕೋಣೆಯಲ್ಲಿ ದಿನವಿಡೀ ದಾರದ ಎಳೆ, ಹತ್ತಿಯ ಧೂಳು ಹಾರುತ್ತಿರುತ್ತವೆ. ಅವು ಒಳಗೆ ಹೋಗದಿರಲೆಂದು ಹತ್ತಿ ತುಂಬಿ, ಲೈನಿಂಗ್ ಕೊಟ್ಟು, ಗುಂಡಿ ಇಟ್ಟು ಅವಳೇ ಹೊಲಿದದ್ದು. ಸ್ವಿಚ್ಚಿಗೊಂದು ಕಾಜ ಬೇರೆ. ಇಂಥದ್ದೇ ಇನ್ನೊಂದನ್ನು ತಮ್ಮನಿಗೂ ಕಳಿಸಿದ್ದಳು. ಅಂಥ ಕೋಟನ್ನು ರಸ್ತೆಯ ಧೂಳಿಗೆ ಒಡ್ಡಲು ಅವಳಿಗೆ ಮನಸ್ಸು ಬರಲಿಲ್ಲ.

ಅಂಗಡಿಯಾಕೆ ಕಂಪ್ಯೂಟರಿಗೆ ತಂತಿ ಚುಚ್ಚಿ ಅದೇ ಆಟ ಹಾಕಿದಳು. ಕೆಂಪು ಕಾರು ಬೆಣ್ಣೆಯ ಮೇಲೆ ಜಾರಿದ ಹಾಗೆ ಮೊದಲಿಂದ ಕೊನೆಯವರೆಗೆ ಓಡಿತು. ಇನ್ನೊಮ್ಮೆ ಹಾಕಿದಳು, ಇನ್ನೊಮ್ಮೆಯೂ ಓಡಿತು.

"ಚೆನ್ನಾಗೇ ಇದೆಯಲ್ಲಮ್ಮ!"

"ಮನೇಲಿ ಹೀಗಿರಲ್ಲ ಇದು" ಎಂದಳು ಅಕ್ಕ. ಅವಳಿಗೆ ಅಳುವೇ ಬಂದಿತ್ತು. "ನನ್ನ ಮಾನ ಕಳೆಯೋಕೆ ನಿಂತಿದೆ. ನೀವು ಹೊಸ ಕಾರ್ಡ್ ಕೊಟ್ಬಿಡಿ."

"ತೊಂದರೆ ಏನು ಅಂತ ನೋಡದೆ ಹೇಗೆ ಕೊಡಲಿ? ಭಾನುವಾರ ನಾನೇ ಬರ್ತೀನಿ. ಕಾರ್ಡ್ ಜೊತೇಲೇ ತರ್ತೀನಿ, ಬೇಕು ಅನ್ಸಿದ್ರೆ ಅಲ್ಲೇ ಹಾಕೋಣ."

ಭಾನುವಾರ ಅಂಗಡಿಯಾಕೆ ಹೊಸ ಕಾರ್ಡಿನ ಡಬ್ಬಿ ಹಿಡಿದು ಒಳಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತಳು. ಮೇಜಿನ ಮೇಲೆ ಕಂಪ್ಯೂಟರು ಕತ್ತಿನವರೆಗೂ ಗುಂಡಿ ಹಾಕಿಕೊಂಡು ಮದುಮಗನ ಹಾಗೆ ಕೂತಿತ್ತು.

"ಇದೇನಮ್ಮ ಇದು?"

"ಕೋಟು. ಚೆನ್ನಾಗಿದ್ಯಾ?" ಅಕ್ಕನ ದನಿಯಲ್ಲಿ ಜಂಬ.

ಅಂಗಡಿಯಾಕೆ ಕೋಟಿನೊಳಗೆ ಕೈ ತೂರಿಸಿ "ಅಬ್ಬಾ!" ಎಂದು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಶುರುವಾಯಿತು ನೋಡಿ ಅವಳ ನಗು. ಹೊಟ್ಟೆ ಹಿಡಿದುಕೊಂಡು, ಕತ್ತರಿಸಿಟ್ಟ ಬಟ್ಟೆಗಳ ರಾಶಿಯ ಮೇಲೆಯೇ ಕೂತುಬಿಟ್ಟಳು.

"ಅಮ್ಮಾ, ಒಳಗಿರೋ ಫ್ಯಾನಿಗೆ ಗಾಳಿ ಬೇಡ್ವಾ? ಬೆಂದು ಹೋಗ್ತಿದೆ ಪಾಪ! ಬಿಸಿ ಏರಿದ್ರೆ ಕಾರ್ಡ್ ತಾನಾಗೇ ಕೆಲಸ ನಿಧಾನ ಮಾಡ್ಕೊಳ್ಳತ್ತೆ. ಕಾರ್ಡಿಗೆ ಏನೂ ಆಗಿಲ್ಲ. ಆಡೋವಾಗ ಇದನ್ನ ಬಿಚ್ಚಿಡಿ, ಆರಿಸಿ ತಣ್ಣಗಾದ ಮೇಲೆ ಬೇಕಾದ್ರೆ ತೊಡಿಸಿ."

ಅಕ್ಕನ ಮುಖ ಮೊದಲು ಪೆಚ್ಚಾಯಿತು. ಇಷ್ಟು ದಿನ ತನ್ನ ಕೈಯಾರೆ ತಾನೇ ಸೋತೆನಲ್ಲ! ಆಮೇಲೆ ಗಂಡನ ಕಡೆ ನೋಡಿದಳು. ಅವನು ನಗು ತಡೆಯಲಾರದೆ ಕಿಟಕಿಯ ಆಚೆ ಏನನ್ನೋ ಹುಡುಕುತ್ತಿದ್ದ. ಅವಳಿಗೂ ನಗು ಕಿತ್ತುಕೊಂಡು ಬಂತು. ಹೊಸ ಕಾರ್ಡು ಡಬ್ಬಿಯಿಂದ ಹೊರಗೇ ಬರಲಿಲ್ಲ.

ಆ ಮಧ್ಯಾಹ್ನದ ಓಟಕ್ಕೆ ಅಂಗಡಿಯಾಕೆಯೂ ಉಳಿದಳು. ಅರ್ಧ ದಾರಿ ದಾಟಿತು, ಚಿತ್ರ ತಡವರಿಸಲಿಲ್ಲ. ಕೊನೆಯ ತಿರುವು ಬಂತು. ಅಕ್ಕ ಕಾರು ತಿರುಗಿಸಿದಳು, ಬೆನ್ನ ಹಿಂದೆ ಡ್ರೈವರ್ ತನ್ನದೇ ಬಸ್ಸೆಂಬಂತೆ ಮೈಯನ್ನೇ ಎಡಕ್ಕೆ ವಾಲಿಸಿದ. ಕೆಂಪು ಕಾರು ತಿರುವು ದಾಟಿ ಗೆದ್ದೇಬಿಟ್ಟಿತು.

ಅಕ್ಕ ಕುರ್ಚಿಯಿಂದ ಜಿಗಿದಳು. ಅವಳಿಗಿಂತ ಜೋರಾಗಿ ಕೂಗಿದ್ದು ಮಾತ್ರ ಸ್ಪೀಕರಿನೊಳಗಿನ ತಮ್ಮ.

"ಅಂತೂ ಗೆದ್ಯಲ್ಲ! ಸೋಲೋಕೆ ಎಷ್ಟು ಒದ್ದಾಡಿದೀನಿ ಗೊತ್ತಾ? ಹೋದ ವಾರ ಕಾರ್ ಪಕ್ಕಕ್ಕೆ ನಿಲ್ಲಿಸಿ ಬನ್ನಿನ ತಟ್ಟೆ ಒಲೆಯಿಂದ ತೆಗೆದು ಬಂದೆ. ಆಗ್ಲೂ ನೀನು ಹುಲ್ಲಲ್ಲೇ ಇದ್ದೆ!"

"ಲೋ! ಬರ್ಬೇಕು ಅನ್ಸಿದ್ರೆ ಸುಮ್ನೆ ಬರೋಕೇನೋ ಧಾಡಿ?"

"ಬಾಜಿ ಬಾಜೀನೇ. ಸೋಲ್ದೆ ಬೀಗ ಹಾಕಲ್ಲ ಅಂತ ಕೆಲಸದವರ ಮುಂದೆಲ್ಲ ಕೊಚ್ಚಿಕೊಂಡಿದ್ದೆ. ಇಲ್ಲಿ ನಂಗೂ ಸಾಕಾಗಿತ್ತಕ್ಕ, ನಿನ್ನ ನೋಡ್ಬೇಕು ಅನ್ನಿಸ್ತಿತ್ತು."

ಅಕ್ಕ ಅಳತೆ ಟೇಪಿನ ತುದಿಯಲ್ಲೇ ಕಣ್ಣು ಒರೆಸಿಕೊಂಡಳು.

ಮರುದಿನ ಸಂಜೆ ತಮ್ಮ ಬಂದಿಳಿದ. ಅಕ್ಕನ ಎದುರಿಗೆ, ಮುಖಕ್ಕೆ ಮುಖ ಕೊಟ್ಟು ಕೂತ. ಕೋಟಿನ ಕಥೆ ಕೇಳಿ ಬಿದ್ದು ಬಿದ್ದು ನಕ್ಕ. ಅಕ್ಕ ಥಟ್ಟನೆ ಕೇಳಿದಳು: "ನಿಂಗೂ ಒಂದು ಕಳಿಸಿದ್ನಲ್ಲ, ನಿನ್ನ ಕಂಪ್ಯೂಟರ್ ಯಾಕೆ ಬೇಯಲಿಲ್ಲ?"

ತಮ್ಮ ನಾಲಿಗೆ ಕಚ್ಚಿಕೊಂಡು ಚೀಲದಿಂದ ಅದೇ ಕೋಟನ್ನು ಹೊರತೆಗೆದ. ಅದರ ತುಂಬ ಹಿಟ್ಟಿನ ಕಲೆ, ಬ್ರೆಡ್ಡಿನ ಘಮ.

"ಬೈಬೇಡ. ಇದನ್ನ ಹಿಟ್ಟಿನ ಪಾತ್ರೆಗೆ ತೊಡಿಸ್ತೀನಿ. ಒಳಗೆ ಎಷ್ಟು ಬೆಚ್ಚಗಿರತ್ತೆ ಅಂದ್ರೆ, ಹಿಟ್ಟು ಗಡಿಗೆ ಹೊಟ್ಟೆ ಥರ ಉಬ್ಬತ್ತೆ. ಅಕ್ಕಾ, ಇನ್ನೆರಡು ಹೊಲಿದುಕೊಡೇ."

ಅಕ್ಕ ಕಂಪ್ಯೂಟರಿನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು, ಸ್ವಿಚ್ಚು ಒತ್ತಿದಳು.

"ಗೆದ್ದು ತಗೋ" ಎಂದಳು.