ಚೆಲುವಮ್ಮನ ಕೈಗುಣ

ಬನ್ನಿಮಂಟಪದ ಪ್ರೌಢಶಾಲೆಗೆ ಹೊಸದಾಗಿ ಬಂದಿದ್ದ ವಿಜ್ಞಾನದ ಮೇಡಂ ಸೌಮ್ಯಶ್ರೀ, ಬೋರ್ಡಿನ ಮೇಲೆ ‘ಊಹೆ, ಪ್ರಯೋಗ, ತೀರ್ಮಾನ’ ಎಂದು ಬರೆದು ತಿರುಗಿ ನೋಡಿದರೆ ಒಂಬತ್ತನೇ ತರಗತಿಯ ಅರ್ಧಕ್ಕರ್ಧ ಮಕ್ಕಳು ಆಕಳಿಸುತ್ತಿದ್ದರು.

“ಸರಿ, ನಿಮ್ಮನೇಲಿ ಎಲ್ರೂ ನಂಬೋ ಒಂದು ಮಾತು ಹೇಳಿ. ಪರೀಕ್ಷೆ ಮಾಡೇಬಿಡೋಣ.”

ಮಂಡಿ ಮೊಹಲ್ಲಾದ ವಾಣಿ ಎದ್ದು ನಿಂತಳು. “ಮಿಸ್, ನಮ್ಮಜ್ಜಿ ಕೈಗುಣ ಚೆನ್ನಾಗಿದೆ. ಅಜ್ಜಿ ಕೈಯಾಡಿಸಿದ್ರೆ ದೋಸೆ ಹಿಟ್ಟು ಉಬ್ಬಿ ಬರುತ್ತೆ. ಅಮ್ಮ ಕೈಯಾಡಿಸಿದ್ರೆ ಹಂಗೇ ಮಲಗಿರುತ್ತೆ. ನಮ್ಮ ಬೀದಿಗೆಲ್ಲ ಗೊತ್ತು.”

ತರಗತಿ ಗೊಳ್ಳೆಂದಿತು. ಸೌಮ್ಯಶ್ರೀ ಮಾತ್ರ ನಿಧಿ ಸಿಕ್ಕವರಂತೆ ಮೇಜಿನ ಅಂಚಿಗೆ ಬಂದು ಕೂತರು.

“ಇಬ್ಬರದೂ ಒಂದೇ ಹಿಟ್ಟಾ?”

“ಇಲ್ಲ ಮಿಸ್, ಬೇರೆ ಬೇರೆ ದಿನ.”

“ಉಪ್ಪು?”

“ಅವರವರ ಅಂದಾಜು.”

“ಮತ್ತೆ ಅದು ಕೈಗುಣವೇ ಅಂತ ಹೇಗೆ ಗೊತ್ತಾಯ್ತು?”

ಆಕಳಿಕೆ ಎಲ್ಲಿ ಹೋಯಿತೋ. ಹಿಟ್ಟು ಒಂದೇ ಇರಬೇಕು, ಪಾತ್ರೆ ಒಂದೇ ಥರ ಇರಬೇಕು, ಜಾಗವೂ ಒಂದೇ, ಬದಲಾಗಬೇಕಾದ್ದು ಕೈ ಮಾತ್ರ ಎಂದು ಮಕ್ಕಳು ಬೆಂಚಿನಿಂದ ಬೆಂಚಿಗೆ ಕೂಗಾಡಿದರು. “ಕೈಯೇ ಸೋಕದ ಹಿಟ್ಟೂ ಇರ್ಲಿ ಮಿಸ್, ಬರೀ ಸೌಟಲ್ಲಿ ತಿರುವಿದ್ದು!” ಎಂದಳು ಪ್ರೇಮಲೀಲಾ. ಸೌಮ್ಯಶ್ರೀ ಖುಷಿ ತಡೆಯಲಾಗದೆ ಅವಳ ಕೈ ಹಿಡಿದು ಕುಲುಕಿದರು.

ಗುರುವಾರ ಸಂಜೆ ಅಜ್ಜಿ ಚೆಲುವಮ್ಮ ರೇಷ್ಮೆ ಸೀರೆಯುಟ್ಟು, ಮದುವೆಮನೆಗೆ ಬಂದಂತೆ ಬಂದರು. ಹಿಂದೆಯೇ ಅಮ್ಮ ಶುಭಾ, ಕಡಕೊಳದ ಕಾರ್ಖಾನೆಗೆ ರಜೆ ಹಾಕಿ, ರುಬ್ಬಿದ ಹಿಟ್ಟಿನ ದೊಡ್ಡ ಡಬರಿ ಹೊತ್ತು ಬಂದರು. ಪ್ರಯೋಗಾಲಯದಲ್ಲಿ ಮಕ್ಕಳು ಅದನ್ನು ಒಂದೇ ಥರದ ಸ್ಟೀಲ್ ಡಬ್ಬಿಗಳಿಗೆ ಅಂಚಿನವರೆಗೂ ಹಂಚಿಟ್ಟರು. ಗದ್ದಲ ಕೇಳಿ ಗದರಲೆಂದು ಬಂದ ಮುಖ್ಯೋಪಾಧ್ಯಾಯ ಪ್ರಭುಸ್ವಾಮಿಯವರನ್ನು ಅಜ್ಜಿ ತಡೆದು ನಿಲ್ಲಿಸಿದರು.

“ಮೇಷ್ಟ್ರೇ, ನೀವೂ ಕೈಯಾಕಿ. ನಿಮ್ ಗುಣನೂ ತಿಳೀಲಿ.”

ಎಂದೂ ನಗದ ಆ ಮನುಷ್ಯ ಅಂಗಿಯ ತೋಳು ಮಡಿಸಿ, ಕೈ ತೊಳೆದು, ಒಂದು ಡಬ್ಬಿಯ ಹಿಟ್ಟಿಗೆ ಮಣಿಕಟ್ಟಿನವರೆಗೂ ಕೈಹಾಕಿದರು. “ತಣ್ಣಗಿದೆ ಕಣ್ರೀ!” ಎಂದು ನಕ್ಕೇಬಿಟ್ಟರು.

ಮಾರನೇ ದಿನ ಬಾಗಿಲು ತೆಗೆದರೆ ಪ್ರಯೋಗಾಲಯದ ತುಂಬ ಹುಳಿ ಘಮಲು. ಸ್ಟೀಲ್ ಡಬ್ಬಿಗಳೆಲ್ಲ ಉಕ್ಕಿ ಮುಚ್ಚಳ ಕೆಡವಿದ್ದವು. ಹಿಟ್ಟು ಮೇಜಿನಿಂದಿಳಿದು ಮಾನವ ಅಸ್ಥಿಪಂಜರದ ಪಾದ ಮುಟ್ಟಿತ್ತು. ಅಳೆಯುವುದೆಲ್ಲಿಂದ ಬಂತು! ಸೌಮ್ಯಶ್ರೀ ಒಂದು ಗಳಿಗೆ ಪೆಚ್ಚಾದವರು, ಆಮೇಲೆ ಮಕ್ಕಳ ಜೊತೆ ಹೊಟ್ಟೆ ಹಿಡಿದು ನಕ್ಕರು.

“ತಪ್ಪು ಹಿಟ್ಟಿಂದಲ್ಲ, ನಮ್ಮದು. ಡಬ್ಬಿ ತುಂಬ ಹಾಕಿದ್ವಿ. ಮತ್ತೆ ಮಾಡೋಣ.”

ಅಂದು ಸಂಜೆ ಅಜ್ಜಿ, ಅಮ್ಮ, ಮೇಷ್ಟ್ರು ಹೊಸ ಹಿಟ್ಟಿಗೆ ಮತ್ತೆ ಕೈಯಾಡಿಸಿದರು. ಈ ಸಲ ಒಂದೇ ಅಳತೆಯ ಗಾಜಿನ ಬಾಟಲಿಗಳಿಗೆ ಅರ್ಧ ಮಾತ್ರ ಹಿಟ್ಟು ಹಾಕಿದರು. ಒಂದು ಬಾಟಲಿ ಕೈಕೊಟ್ಟರೆ ಇನ್ನೊಂದಿರಲೆಂದು ಪ್ರತಿಯೊಬ್ಬರಿಗೂ ಎರಡೆರಡು ಇಟ್ಟರು. ಹಿಟ್ಟಿನ ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿದರು. ಯಾರದ್ದು ಯಾವುದೆಂದು ಪ್ರೇಮಲೀಲಾ ಬಾಟಲಿಯ ತಳಕ್ಕೆ ಚೀಟಿ ಅಂಟಿಸಿ, ಎಲ್ಲವನ್ನೂ ಅದಲುಬದಲು ಮಾಡಿಟ್ಟಳು. ಅಳೆಯುವವರಿಗೆ ಹೆಸರು ಗೊತ್ತಿರಬಾರದಲ್ಲ! ಬೆಳಿಗ್ಗೆ ಎಲ್ಲರ ಮುಂದೆ ವಾಣಿ ಸ್ಕೇಲು ಹಿಡಿದಾಗ ಪ್ರೇಮಲೀಲಾಳನ್ನು ಹೊರಗೆ ನಿಲ್ಲಿಸಬೇಕಾಯಿತು, ಅವಳ ಮುಖವೇ ಎಲ್ಲವನ್ನೂ ಹೇಳಿಬಿಡುತ್ತಿತ್ತು.

ಅಳತೆ ಮುಗಿಯಿತು. ಎಲ್ಲ ಬಾಟಲಿಗಳೂ ಚೆನ್ನಾಗಿಯೇ ಉಬ್ಬಿದ್ದವು. ಎರಡು ಮಾತ್ರ ಉಳಿದವಕ್ಕಿಂತ ಕೂದಲೆಳೆಯಷ್ಟು ಮೇಲಿದ್ದವು. ವಾಣಿ ಅವನ್ನೆತ್ತಿ ತಳ ನೋಡಿದಳು.

“ಅಮ್ಮ! ಎರಡೂ ನಿಂದೇ!”

ಶುಭಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಇಷ್ಟು ಸಣ್ಣ ವ್ಯತ್ಯಾಸ ಲೆಕ್ಕಕ್ಕಿಲ್ಲ. ಎಲ್ಲರದೂ ಸಮ ಅಂತಲೇ ಅರ್ಥ,” ಎಂದರು ಸೌಮ್ಯಶ್ರೀ.

“ಇರ್ಲಿ ಮೇಡಂ, ನಂಗೆ ಇವತ್ತೊಂದಿನ ಅದು ಲೆಕ್ಕಕ್ಕಿರ್ಲಿ,” ಎಂದು ಶುಭಾ ನಗುತ್ತಲೇ ಕಣ್ಣೊರೆಸಿಕೊಂಡರು. ಮದುವೆಯಾಗಿ ಬಂದಾಗಿನಿಂದ ‘ಕೈಗುಣವಿಲ್ಲದ ಸೊಸೆ’ ಎಂಬ ಮಾತು ಕೇಳಿಸಿಕೊಂಡವರು ಅವರು.

ಪ್ರಭುಸ್ವಾಮಿ ಸೌಟಿನ ಬಾಟಲಿಯನ್ನೂ ತಮ್ಮದನ್ನೂ ಅಕ್ಕಪಕ್ಕ ಹಿಡಿದು ನೋಡುತ್ತಿದ್ದರು. “ಹಾಗಾದ್ರೆ ನಾನೂ ಸೌಟೂ ಒಂದೇ ಅನ್ನಿ!” ಮಕ್ಕಳ ನಗುವಿಗೆ ಕಿಟಕಿಯ ಪಾರಿವಾಳಗಳು ಹಾರಿಹೋದವು.

“ಮತ್ತೆ ಮನೇಲ್ಯಾಕೆ ಇವಳ ಹಿಟ್ಟು ಮಲಗ್ತದೆ?” ಚೆಲುವಮ್ಮ ಬಿಡಲಿಲ್ಲ.

ವಾಣಿ ಯೋಚಿಸಿದಳು. “ಅಜ್ಜಿ, ನೀನು ಹೊತ್ತಿರೋವಾಗ್ಲೇ ಕಲಸಿಡ್ತೀಯ. ಅಮ್ಮ ಕಾರ್ಖಾನೆಯಿಂದ ಬಂದು, ಅಡುಗೆ ಮುಗಿಸಿ ಆಮೇಲೆ ಕಲಸ್ತಾಳೆ. ಹುಳಿ ಬರೋಕೆ ಹೊತ್ತೇ ಸಾಲಲ್ವೇನೋ?”

“ಇದು ಹೊಸ ಊಹೆ,” ಎಂದರು ಸೌಮ್ಯಶ್ರೀ. “ಪರೀಕ್ಷೆ ಹೇಗೆ ಮಾಡ್ತೀಯ?”

ವಾಣಿ ಬಾಯಿ ತೆರೆಯುವಷ್ಟರಲ್ಲಿ ಚೆಲುವಮ್ಮನೇ ಸೀರೆ ಕೊಡವಿ ಎದ್ದರು. “ಅದೇನ್ ಮಹಾ! ಇವತ್ತು ಇವಳು ಸಂಜೆನೇ ಕಲಸ್ಲಿ, ನಾನು ಊಟ ಆದ್ಮೇಲೆ ಕಲಸ್ತೀನಿ. ಹಿಟ್ಟು ಒಂದೇ, ಪಾತ್ರೆ ಒಂದೇ. ನೋಡೇಬುಡಾನ!”

ಸೋಮವಾರ ವಾಣಿ ಓಡುತ್ತ ತರಗತಿಗೆ ನುಗ್ಗಿದಳು. “ಮಿಸ್, ಅಜ್ಜಿ ಹಿಟ್ಟು ಮಲಗ್ಬುಡ್ತು! ಅಮ್ಮಂದು ಉಕ್ಕಿ ಒಲೆ ಕಟ್ಟೆಯೆಲ್ಲ ಆಗಿತ್ತು! ಅಜ್ಜಿ ನಕ್ಕೂ ನಕ್ಕೂ ಕೂತ್ಬುಟ್ರು. ಬೀದಿಯವರನ್ನೆಲ್ಲ ಕರೆದು, ‘ಬನ್ರೀ, ನನ್ ಸೊಸೆ ಕೈ ದೋಸೆ ತಿನ್ನಿ’ ಅಂತ ಅಮ್ಮನ್ನೇ ಹಂಚಿನ ಮುಂದೆ ಕೂರಿಸಿದ್ರು!”

ಸೌಮ್ಯಶ್ರೀ ಬಾಯಿ ತೆರೆಯುವ ಮೊದಲೇ ಮಕ್ಕಳೆಲ್ಲ ಕೈ ಎತ್ತಿ ನಿಂತಿದ್ದರು. ಒಬ್ಬಳಿಗೆ ಮಲ್ಲಿಗೆ ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿಟ್ಟರೆ ಬೇಗ ಅರಳುವುದೇ ಎಂದು ನೋಡಬೇಕಿತ್ತು. ಇನ್ನೊಬ್ಬನಿಗೆ ಅಪ್ಪನ ಸ್ಕೂಟರು ಬೈದರೆ ಬೇಗ ಸ್ಟಾರ್ಟ್ ಆಗುವುದೇ, ಹೊಗಳಿದರೇ ಎಂಬ ಚಿಂತೆ.