ಅಕ್ಕ ಕಲಿತ ನಲವತ್ತು ಗಂಟೆ

ಹಳೇ ಬೀದಿಯ ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅಕ್ಕತಂಗಿಯರಿಬ್ಬರ ಆಡಿಟ್ ಆಫೀಸು ಇಪ್ಪತ್ತೆರಡು ವರ್ಷಗಳಿಂದ ಇದೆ. ಬಾಗಿಲಿಗೆ ಎರಡು ಬೋರ್ಡು. ಗಿರಾಕಿಗಳ ಬಾಯಲ್ಲಿ ಒಬ್ಬರು ದೊಡ್ಡ ಮೇಡಂ, ಇನ್ನೊಬ್ಬರು ಸಣ್ಣ ಮೇಡಂ. ಸಣ್ಣ ಮೇಡಂಗೂ ಈಗ ಐವತ್ತನಾಲ್ಕು. ಮಂಡಿ ನೋವಿದೆ, ಓದುವುದಕ್ಕೊಂದು ನಡೆಯುವುದಕ್ಕೊಂದು ಕನ್ನಡಕವಿದೆ, ಆದರೂ ಸಣ್ಣವರು ಸಣ್ಣವರೇ. ನಾವು ಅವಳನ್ನು ತಂಗಿ ಅಂತಲೇ ಕರೆಯೋಣ. ಅದಕ್ಕಿಂತ ದೊಡ್ಡ ಹುದ್ದೆ ಅವಳಿಗೆ ಈ ಜನ್ಮದಲ್ಲಿ ಸಿಕ್ಕಿದ್ದಿಲ್ಲ.

ಆ ಸೋಮವಾರ ಅವಳ ಹೆಸರಿಗೆ ಲೆಕ್ಕಪರಿಶೋಧಕರ ಸಂಸ್ಥೆಯಿಂದ ರಿಜಿಸ್ಟರ್ಡ್ ಪತ್ರ ಬಂತು. ವರ್ಷಕ್ಕೆ ನಲವತ್ತು ಗಂಟೆ ಪ್ರತಿಯೊಬ್ಬ ಆಡಿಟರೂ ಹೊಸ ಪಾಠ ಕಲಿಯಬೇಕು, ಕಲಿತದ್ದಕ್ಕೆ ಸರ್ಟಿಫಿಕೇಟು ಇಟ್ಟಿರಬೇಕು, ವರ್ಷದ ಕೊನೆಗೆ 'ಕಲಿತಿದ್ದೇನೆ' ಅಂತ ಸಹಿ ಹಾಕಿ ಕಳಿಸಬೇಕು ಎಂಬುದು ಸಂಸ್ಥೆಯ ನಿಯಮ. ಕಲಿತರೆ ಸಾಲದು, ಕಲಿತದ್ದಕ್ಕೆ ಕಾಗದ ಬೇಕು. ನ್ಯಾಯವೇ ಬಿಡಿ. ಊರಿನವರನ್ನೆಲ್ಲ ಕಾಗದ ಕೇಳಿ ಕೇಳಿ ಜೀವ ತಿನ್ನುವ ಜನಕ್ಕೆ ಯಾರಾದರೂ ಒಬ್ಬರು ಕಾಗದ ಕೇಳಬೇಕಲ್ಲ. ಹೋದ ವರ್ಷದ ಹಿಂದಿನ ವರ್ಷದ್ದನ್ನು ಪರಿಶೀಲನೆಗೆ ತೆಗೆದುಕೊಂಡಿದ್ದೇವೆ, ಜೊತೆಗೆ ಯಾವುದಾದರೂ ಒಬ್ಬ ಗಿರಾಕಿಯ ಆ ವರ್ಷದ ಫೈಲನ್ನೂ ಕಳಿಸಿ ಅಂತ ಪತ್ರದಲ್ಲಿತ್ತು.

ತಂಗಿಗೆ ಭಯವೇನೂ ಆಗಲಿಲ್ಲ, ಸುಸ್ತಾಯಿತು. ಅಷ್ಟೊತ್ತಿಗಾಗಲೇ ಅವಳಿಗೆ ಏನು ಬಂದರೂ ಮೊದಲು ಸುಸ್ತೇ ಆಗುತ್ತಿತ್ತು. ಗಂಟೆಗಳ ಲೆಕ್ಕ ಇಡುವುದು ಮೊದಲಿನಿಂದಲೂ ಅಕ್ಕನ ಕೆಲಸ. ನೀಲಿ ಫೈಲಿನಲ್ಲಿ ತಾರೀಕಿನ ಪ್ರಕಾರ ಸರ್ಟಿಫಿಕೇಟುಗಳು, ಮುಂದೊಂದು ಪಟ್ಟಿ, ಪಟ್ಟಿಯ ಕೆಳಗೆ ಕೆಂಪು ಗೆರೆ. ವರ್ಷದ ಕೊನೆಗೆ ಅಕ್ಕ ಕಾಗದ ತಂದು ಮುಂದಿಡುತ್ತಿದ್ದಳು. ಸಹಿ ಹಾಕಬೇಕಾದ ಕಡೆ ಪೆನ್ಸಿಲ್ಲಿನಲ್ಲಿ ಸಣ್ಣದೊಂದು ಇಂಟು ಗುರುತು ಇರುತ್ತಿತ್ತು. ತಂಗಿ ಅಲ್ಲಿ ಸಹಿ ಹಾಕುತ್ತಿದ್ದಳು, ಆಮೇಲೆ ಅಕ್ಕ ರಬ್ಬರು ತಗೊಂಡು ಗುರುತನ್ನು ಅಳಿಸುತ್ತಿದ್ದಳು. ಓದದೆ ಸಹಿ ಹಾಕುವ ಗಿರಾಕಿಗಳಿಗೆ ಗಂಟೆಗಟ್ಟಲೆ ಬುದ್ಧಿ ಹೇಳುವ ಹೆಂಗಸು ತನ್ನ ಸ್ವಂತ ಕಾಗದವನ್ನು ಇಪ್ಪತ್ತೆರಡು ವರ್ಷ ಒಂದು ಸಲವೂ ಓದಿರಲಿಲ್ಲ. ಹೇಳೋದು ಶಾಸ್ತ್ರ, ಹಾಕೋದು ಗಾಳ ಅಂತಾರಲ್ಲ, ಹಾಗೆ.

ಈ ಸಲವೂ ಓದಲಿಲ್ಲ. ನೀಲಿ ಫೈಲನ್ನೂ ಕೈಗೆ ಸಿಕ್ಕ ಟೈರ್ ಗೋಡೌನಿನ ಫೈಲನ್ನೂ ಒಂದೇ ಕವರಿಗೆ ಹಾಕಿ ಕಳಿಸಿಬಿಟ್ಟಳು.

ಮೂರು ವಾರಕ್ಕೆ ಎರಡನೇ ಪತ್ರ ಬಂತು. ಇದು ಶಿಸ್ತು ಸಮಿತಿಯದು. ಶುಕ್ರವಾರ ಇಪ್ಪತ್ತೆಂಟನೇ ತಾರೀಕು ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ನೀವು ಕಂಪ್ಯೂಟರಿನ ಮುಂದೆ ಕೂತು ತರಗತಿ ಕೇಳಿದ್ದೀರಿ, ಹದಿನೈದು ನಿಮಿಷಕ್ಕೊಮ್ಮೆ ಎದುರಿಗೇ ಇದ್ದೇನೆ ಅಂತ ಗುಂಡಿ ಒತ್ತಿದ್ದೀರಿ, ಕೊನೆಗೆ ಪರೀಕ್ಷೆಯಲ್ಲಿ ತೊಂಬತ್ತಾರು ತೆಗೆದಿದ್ದೀರಿ. ಅದೇ ದಿನ ಅದೇ ಹೊತ್ತಿನಲ್ಲಿ ಊರಾಚೆಯ ಗೋಡೌನಿನಲ್ಲಿ ಟೈರುಗಳನ್ನು ಎಣಿಸಿ ಸಹಿ ಮಾಡಿದ್ದೀರಿ. ಎರಡೂ ಹೇಗೆ ಸಾಧ್ಯ ಅಂತ ಖುದ್ದಾಗಿ ಬಂದು ವಿವರಿಸತಕ್ಕದ್ದು.

ತೊಂಬತ್ತಾರು ಅನ್ನುವುದನ್ನು ನೋಡಿಯೇ ಬರೆದವಳು ಅಕ್ಕ ಅಂತ ತಂಗಿಗೆ ಖಾತ್ರಿಯಾಯಿತು. ಹುಟ್ಟಿದಾಗಿನಿಂದ ಯಾವ ಪರೀಕ್ಷೆಯಲ್ಲೂ ಅವಳು ಅರವತ್ತೈದು ದಾಟಿದವಳಲ್ಲ.

ಆ ವರ್ಷ ಅಕ್ಕನ ಬೆನ್ನಿಗೆ ಆಪರೇಷನ್ ಆಗಿತ್ತು. ಏಳು ತಿಂಗಳು ಮಂಚ. ತಂಗಿ ಬೆಳಗ್ಗೆ ಅಕ್ಕನಿಗೆ ಮೈ ಒರೆಸಿ, ಮಾತ್ರೆ ಕೊಟ್ಟು, ಆಫೀಸಿಗೆ ಓಡಿ, ಇಬ್ಬರ ಕೆಲಸ ಒಬ್ಬಳೇ ಮಾಡಿ, ಮಧ್ಯಾಹ್ನ ಊಟ ಬಿಸಿ ಮಾಡಲು ಮನೆಗೆ ಬಂದು, ಮತ್ತೆ ಓಡುತ್ತಿದ್ದಳು. ಒಂದು ದಿನ ಮಾತ್ರ ನೆನಪಾಗಿ ನನ್ನ ಗಂಟೆಗಳ ಕಥೆ ಏನಕ್ಕ ಅಂತ ಕೇಳಿದ್ದಳು. 'ಆಗಿದೆ' ಅಂದಿದ್ದಳು ಅಕ್ಕ. ಹೇಗೆ ಆಯಿತು ಅಂತ ತಂಗಿ ಕೇಳಲಿಲ್ಲ. ತಿಳಿದಿರಲಿಲ್ಲವೇ ಅಂದರೆ ತಿಳಿದಿತ್ತು. ಕೇಳಿದರೆ ಇನ್ನೊಂದು ಕೆಲಸ ಮೈಮೇಲೆ ಬರುತ್ತದೆ ಅಂತ ಸುಮ್ಮನಾಗಿದ್ದಳು.

ಸಂಜೆ ಪತ್ರವನ್ನು ಅಕ್ಕನ ಮುಂದೆ ಇಟ್ಟಳು. ಅಕ್ಕ ಈಗ ಊರುಗೋಲು ಹಿಡಿದು ಮನೆಯೊಳಗೆ ಓಡಾಡುತ್ತಾಳೆ, ಆಫೀಸಿನ ಮೆಟ್ಟಿಲು ಹತ್ತುವುದಿಲ್ಲ. ಪತ್ರವನ್ನು ಎರಡು ಸಲ ಓದಿದಳು. ಮುಖದಲ್ಲಿ ನಾಚಿಕೆ ಕಾಣಲಿಲ್ಲ, ಕೂಡಿದ್ದು ತಾಳೆಯಾಗದಾಗ ಬರುವ ಸಿಟ್ಟು ಕಂಡಿತು. ನಿನ್ನ ಡೈರಿ ನೋಡಿಕೊಂಡೇ ನಾನು ಪ್ರತಿಯೊಂದು ತರಗತಿಗೂ ತಾರೀಕು ಹಾಕಿದ್ದು, ಟೈರಿನವರ ಎಣಿಕೆ ಗುರುವಾರ ಅಂತ ಬರೆದಿತ್ತು ಅಂದಳು. ಇದ್ದದ್ದು ಗುರುವಾರವೇ, ಗೋಡೌನಿನವರು ಫೋನು ಮಾಡಿ ಶುಕ್ರವಾರಕ್ಕೆ ಹಾಕಿದ್ದರು, ತಂಗಿ ಅದನ್ನು ಡೈರಿಯಲ್ಲಿ ತಿದ್ದಿರಲಿಲ್ಲ. ಬೇರೆಯವರು ಚಾಪೆ ಕೆಳಗೆ ನುಸುಳಿದರೆ ತಾನು ರಂಗೋಲಿ ಕೆಳಗೆ ನುಸುಳುವ ಅಕ್ಕ, ತಂಗಿಯ ಸೋಮಾರಿತನ ಒಂದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಎಣಿಕೆಯ ತಾರೀಕು ತಪ್ಪಾಗಿ ಬಿದ್ದಿದೆ, ಗುರುವಾರ ಮಾಡಿದ್ದು ಅನ್ನು," ಎಂದಳು ಅಕ್ಕ. "ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯುಸ್ಸು."

ತಂಗಿ ಅಕ್ಕನ ತಟ್ಟೆ ತೊಳೆದಿಟ್ಟು ಮಲಗಲು ಹೋದಳು. ಅವಳ ತಲೆಯಲ್ಲಿ ಇದ್ದದ್ದು ಒಂದೇ. ನಿಜ ಹೇಳಿದರೆ ಬೇರೆಯವರ ಹೆಸರಲ್ಲಿ ಪರೀಕ್ಷೆ ಬರೆದ ಅಕ್ಕನಿಗೂ ಶಿಕ್ಷೆ ಬರುತ್ತದೆ. ಮೂವತ್ತೊಂದು ವರ್ಷ ಒಂದು ಕಪ್ಪು ಚುಕ್ಕೆಯಿಲ್ಲದೆ ಸಹಿ ಹಾಕಿದವಳ ಹೆಸರನ್ನು ಸಂಸ್ಥೆಯ ಪತ್ರಿಕೆಯ ಕೊನೇ ಪುಟದಲ್ಲಿ ಅಚ್ಚು ಹಾಕುತ್ತಾರೆ. ಆ ಕೊನೇ ಪುಟವನ್ನೇ ಎಲ್ಲ ಆಡಿಟರುಗಳೂ ಮೊದಲು ಓದುವುದು.

ಸಮಿತಿ ಕೂರುವ ಕೋಣೆ ನಾಲ್ಕನೇ ಮಹಡಿಯಲ್ಲಿತ್ತು. ಉದ್ದದ ಮೇಜು, ತಟ್ಟೆ ಮುಚ್ಚಿದ ನೀರಿನ ಲೋಟಗಳು, ಸದ್ದು ಮಾಡುವ ಫ್ಯಾನು. ಆಚೆ ಬದಿಯಲ್ಲಿ ಮೂವರು ಕೂತಿದ್ದರು. ನಡುವೆ ತಲೆ ನರೆತ ಅಧ್ಯಕ್ಷರು, ಬಲಕ್ಕೆ ನೆಗಡಿಯಾದ ಸದಸ್ಯ, ಎಡಕ್ಕೆ ಫೈಲನ್ನು ನಿಜವಾಗಿಯೂ ಓದಿಕೊಂಡು ಬಂದಿದ್ದ ಸದಸ್ಯೆ. ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಗುಮಾಸ್ತೆ. ಆ ದಿನ ಇದು ಏಳನೇ ಪ್ರಕರಣವಂತೆ. ಅಧ್ಯಕ್ಷರು ತಂಗಿಗಿಂತ ಹೆಚ್ಚು ದಣಿದಿದ್ದರು, ನೋಡಿದರೆ ಪಾಪ ಅನ್ನಿಸುವಂತಿತ್ತು.

ಅವರು ತಾವಾಗಿಯೇ ದಾರಿ ಬಿಟ್ಟುಕೊಟ್ಟರು. ಎರಡು ಸಹಿಯಲ್ಲಿ ಒಂದರ ತಾರೀಕು ತಪ್ಪಿರಬೇಕು, ಎಣಿಕೆಯನ್ನು ಹಿಂದಿನ ದಿನ ಮಾಡಿ ಮರುದಿನದ ತಾರೀಕು ಹಾಕುವುದು ಎಷ್ಟೋ ಆಫೀಸುಗಳಲ್ಲಿ ಉಂಟು, ಹಾಗಿದ್ದರೆ ಒಂದು ಎಚ್ಚರಿಕೆ ಕೊಟ್ಟು ಮುಗಿಸಬಹುದು ಅಂತ ಹೇಳಿ, ನೀರು ಕುಡಿದು ಕಾದರು. ಹೂಂ ಅಂದರೆ ಸಾಕಿತ್ತು.

ತಂಗಿಗೆ ಆ ಗೋಡೌನು ನೆನಪಾಯಿತು. ರಬ್ಬರಿನ ವಾಸನೆಗೆ ತಲೆ ಸಿಡಿಯುತ್ತಿತ್ತು. ಮಂಡಿ ನೋವಿನಲ್ಲಿ ಏಣಿ ಹತ್ತಿ, ಮೇಲಿನ ಅಟ್ಟದ ಟೈರುಗಳನ್ನು ಕೈಯಿಂದ ಮುಟ್ಟಿ ಮುಟ್ಟಿ ಎಣಿಸಿದ್ದಳು. ಪುಸ್ತಕದಲ್ಲಿ ಸಾವಿರದ ನೂರ ನಲವತ್ತಿತ್ತು, ಇವಳಿಗೆ ಸಾವಿರದ ನೂರ ಮೂವತ್ತೇಳು ಸಿಕ್ಕಿತ್ತು. ಆ ಮೂರಕ್ಕಾಗಿ ಮತ್ತೆ ಏಣಿ ಹತ್ತಿದ್ದಳು. ಆ ಇಡೀ ವರ್ಷದಲ್ಲಿ ಅವಳು ಹಾಕಿದ ಸಹಿಗಳಲ್ಲಿ ಇದು ತನ್ನದು ಅಂತ ಎದೆ ತಟ್ಟಿ ಹೇಳಬಹುದಾದ ಸಹಿ ಅದೊಂದೇ ಇದ್ದಿರಬಹುದು. ಅದನ್ನೇ ಸುಳ್ಳು ಅಂತ ಒಪ್ಪಿಕೊಳ್ಳಬೇಕೆ?

"ಎಣಿಸಿದ್ದು ನಾನೇ ಸರ್," ಎಂದಳು. "ಕಲಿತಿದ್ದು ನಾನಲ್ಲ."

ನೆಗಡಿಯ ಸದಸ್ಯ ಮೂಗು ಒರೆಸುವುದನ್ನು ನಿಲ್ಲಿಸಿದರು. ಹಾಗಾದರೆ ಕೂತವರು ಯಾರು ಅಂತ ಅಧ್ಯಕ್ಷರು ಕೇಳಿದರು. ಅದನ್ನು ಹೇಳಲಾರೆ, ಓದದೆ ಸಹಿ ಹಾಕಿದ್ದು ನಾನು, ಶಿಕ್ಷೆ ನನಗೆ ಕೊಡಿ ಅಂದಳು ತಂಗಿ. ಆದರೆ ಬಾಗಿಲಿಗೆ ಎರಡು ಬೋರ್ಡು ಇರುವ ಆಫೀಸು ಇದೆಂದು ಯಾರಿಗೆ ತಿಳಿಯದು? ಸದಸ್ಯೆ ಫೈಲು ಮುಚ್ಚಿ, ಇವರ ಅಕ್ಕನವರ ಸದಸ್ಯತ್ವದ ನಂಬರ್ ತೆಗೆಯಿರಿ ಅಂತ ಗುಮಾಸ್ತೆಗೆ ಹೇಳಿದರು.

ಗುಮಾಸ್ತೆ ಟೈಪ್ ಮಾಡಿದಳು. ಎರಡನೇ ಸಲ ಟೈಪ್ ಮಾಡಿದಳು. ತಂಗಿ ಮುಳ್ಳಿನ ಮೇಲೆ ಕೂತಂತೆ ಕೂತಿದ್ದಳು.

"ಅವರು ಈಗ ಸಂಸ್ಥೆಯ ಸದಸ್ಯರಲ್ಲ ಮೇಡಂ," ಎಂದಳು ಗುಮಾಸ್ತೆ. "ರಾಜೀನಾಮೆ ಕೊಟ್ಟಿದ್ದಾರೆ. ಅದೇ ವರ್ಷ, ಜೂನ್ ಮೂರನೇ ತಾರೀಕು."

ಸದಸ್ಯೆ ಮತ್ತೆ ಫೈಲು ತೆರೆದು ಪಟ್ಟಿಯ ಮೊದಲ ಸಾಲನ್ನು ನೋಡಿದರು. ತಂಗಿಯ ಹೆಸರಿನ ಮೊದಲನೇ ತರಗತಿ ಅದೇ ತಿಂಗಳ ನಾಲ್ಕನೇ ತಾರೀಕಿನದು. ಪುಟವನ್ನು ಅಧ್ಯಕ್ಷರ ಮುಂದೆ ಸರಿಸಿದರು. ಅಧ್ಯಕ್ಷರ ತುಟಿಯ ಒಂದು ಬದಿ ಅಲುಗಿತು. ಸದಸ್ಯರಲ್ಲದವರ ಮೇಲೆ ಸಂಸ್ಥೆಗೆ ಯಾವ ಅಧಿಕಾರವೂ ಇಲ್ಲ. ಇಷ್ಟು ಅಚ್ಚುಕಟ್ಟಾದ ತಪ್ಪನ್ನು ನನ್ನ ಸರ್ವೀಸಿನಲ್ಲಿ ನೋಡಿಲ್ಲ ಅಂತ ಅವರು ಅಂದಾಗ ಸದಸ್ಯೆ ನಕ್ಕೇಬಿಟ್ಟರು. ತಂಗಿಗೆ ನಗು ಬರಲಿಲ್ಲ.

ತೀರ್ಪು ಹತ್ತು ನಿಮಿಷದಲ್ಲಿ ಬಂತು. ಆರು ತಿಂಗಳು ಸಹಿ ಹಾಕುವಂತಿಲ್ಲ. ನಲವತ್ತು ಗಂಟೆಯನ್ನು ಕ್ಯಾಮೆರಾ ಹಾಕಿಕೊಂಡು ಮೊದಲಿಂದ ಕಲಿಯಬೇಕು. ಹೆಸರು ಪತ್ರಿಕೆಯ ಕೊನೇ ಪುಟಕ್ಕೆ. ಆದೇಶ ಒಪ್ಪಿಕೊಂಡಿದ್ದಕ್ಕೆ ಸಹಿ ಹಾಕಿ ಅಂತ ಗುಮಾಸ್ತೆ ಕಾಗದ ಕೊಟ್ಟು ಬೆರಳಿಟ್ಟು ಜಾಗ ತೋರಿಸಿದಳು. ತಂಗಿ ಕನ್ನಡಕ ಬದಲಿಸಿ ಮೂರು ಪುಟವನ್ನೂ ಓದಿದಳು. ಊಟಕ್ಕೆ ಹೊತ್ತಾಗುತ್ತಿದ್ದರೂ ಯಾರೂ ಅವಸರ ಮಾಡಲಿಲ್ಲ.

ಬಸ್ಸಿನಲ್ಲಿ ಕೂತಾಗ ಮಾತ್ರ ಅವಳಿಗೆ ಉಳಿದ ಲೆಕ್ಕ ಹೊಳೆಯಿತು. ಅಕ್ಕನ ನಂಬರ್ ಇದ್ದಿದ್ದರೆ ಈ ಆರು ತಿಂಗಳು ಅಕ್ಕ ಸಹಿ ಹಾಕಬಹುದಿತ್ತು. ಈಗ ಎರಡು ಬೋರ್ಡಿನ ಆಫೀಸಿನಲ್ಲಿ ಒಂದು ಸಹಿಯೂ ಇಲ್ಲ. ಟೈರಿನವರು ಮೊದಲು ಎದುರು ಬೀದಿಯ ಆಡಿಟರ ಹತ್ತಿರ ಹೋಗುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹೋಗುತ್ತಾರೆ. ಅವಳಿಗೆ ಅಕ್ಕನ ಮೇಲೆ ಎಂದೂ ಬಾರದಷ್ಟು ಕೋಪ ಬಂತು. ಎರಡು ವರ್ಷ ಒಂದೇ ಮನೆಯಲ್ಲಿದ್ದು, ಒಂದೇ ಪಾತ್ರೆಯಲ್ಲಿ ಉಂಡು, ಇಂಥ ಮಾತನ್ನು ಮುಚ್ಚಿಡುವುದೇ?

ಅಕ್ಕ ಕಿಟಕಿಯ ಹತ್ತಿರ ಕಾಯುತ್ತಿದ್ದಳು. ತಂಗಿ ಚಪ್ಪಲಿ ಬಿಡುವ ಮೊದಲೇ ಕೇಳಿದಳು.

"ಯಾಕಕ್ಕ ನನಗೆ ಹೇಳ್ಲಿಲ್ಲ?"

ಯಾವುದನ್ನು ಅಂತ ಅಕ್ಕ ಕೇಳಲಿಲ್ಲ.

"ಸಂಸ್ಥೆ ಸದಸ್ಯೆ ಆಗಿದ್ಕೊಂಡು ಅಂಥಾ ಕೆಲಸ ಮಾಡೋಕಾಗುತ್ತಾ? ತಪ್ಪಲ್ವಾ? ಅದಕ್ಕೇ ಮೊದಲು ರಾಜೀನಾಮೆ ಕೊಟ್ಟೆ," ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ಇಬ್ಬರದ್ದೂ ಸೇರಿದ್ರೆ ಎಂಬತ್ತು ಗಂಟೆ ಆಗ್ತಿತ್ತು ಪುಟ್ಟಿ. ನನ್ನ ಬೆನ್ನು ನಲವತ್ತಕ್ಕಿಂತ ಜಾಸ್ತಿ ತಡೀತಿರ್ಲಿಲ್ಲ. ಯಾರದ್ದು ಮಾಡೋಣ ಅಂತ ನೋಡ್ದೆ."

ತಂಗಿಯ ಕೋಪ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಹೋಗಿ ಅಕ್ಕನ ಮಂಚದ ತುದಿಯಲ್ಲಿ ಕೂತು, ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅತ್ತಳು ಅಂತಲೇ ಹೇಳಿಬಿಡೋಣ, ಮುಚ್ಚಿಡುವುದೇಕೆ.

ಮರುವಾರದಿಂದ ಅವಳು ಕಲಿಯಲು ಕೂತಳು. ಟೈರಿನವರು ಅಷ್ಟೊತ್ತಿಗೆ ಹೋಗಿಯಾಗಿತ್ತು, ಇನ್ನು ನಾಲ್ವರು ಹೋಗುವ ದಾರಿಯಲ್ಲಿದ್ದರು. ಆಫೀಸಿನ ಬಾಗಿಲು ಮುಚ್ಚಿತ್ತು. ಮನೆಯ ಒಳಕೋಣೆಯಲ್ಲಿ ಕಂಪ್ಯೂಟರು, ಅದರ ನೆತ್ತಿಯ ಮೇಲೆ ಕ್ಯಾಮೆರಾ. ಅಕ್ಕ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರಲು ಬಂದಳು, ಕ್ಯಾಮೆರಾಗೆ ಕಾಣದ ಹಾಗೆ ಎಲ್ಲಿ ಕೂರಬೇಕು ಅಂತ ಅಳತೆಯನ್ನೂ ನೋಡಿಟ್ಟಿದ್ದಳು. ತಂಗಿ ಎದ್ದು ಅವಳನ್ನು ಮೆಲ್ಲಗೆ ಹೊರಗೆ ಕರೆದುಕೊಂಡು ಹೋಗಿ ಹಜಾರದಲ್ಲಿ ಕೂರಿಸಿ ಬಾಗಿಲು ಹಾಕಿಕೊಂಡಳು. ಅಕ್ಕನ ಮುಖಕ್ಕೆ ಅವಳು ಬಾಗಿಲು ಹಾಕಿದ್ದು ಅದೇ ಮೊದಲು.

ಆರು ಗಂಟೆಯ ಪಾಠ ಕೇಳಿದಳು. ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಎರಡು ಸಲ ಕಣ್ಣು ಎಳೆಯಿತು, ಗುಂಡಿ ಒತ್ತಬೇಕಾದಾಗ ಬೆಚ್ಚಿ ಒತ್ತಿದಳು. ಹೊರಗೆ ಊರುಗೋಲು ಅಲ್ಲಿಂದಿಲ್ಲಿಗೆ ಓಡಾಡುವುದು ಕೇಳಿಸುತ್ತಿತ್ತು. ಸಂಜೆ ಪರೀಕ್ಷೆ ಮುಗಿಸಿ, ಸರ್ಟಿಫಿಕೇಟು ಅಚ್ಚು ತೆಗೆದುಕೊಂಡು ಹೊರಗೆ ಬಂದಳು.

"ಎಷ್ಟು?" ಎಂದಳು ಅಕ್ಕ.

"ಅರವತ್ತೊಂದು."

"ಪಾಸಿಗೆ?"

"ಅರವತ್ತು."

ಅಕ್ಕ ಅಭ್ಯಾಸಬಲದಿಂದ ಕಾಗದಕ್ಕೆ ಕೈ ಚಾಚಿದಳು. ಇನ್ನೊಂದು ಕೈಯಲ್ಲಿ ಪೆನ್ಸಿಲ್ಲು ಆಗಲೇ ಇತ್ತು. ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡು, ನೀಲಿ ಫೈಲನ್ನು ತಂಗಿಯ ಕಡೆಗೆ ತಳ್ಳಿದಳು.

"ನಿಂದು. ನೀನೇ ಹಾಕು."

ತಂಗಿ ತೂತು ಹೊಡೆದು, ಕಾಗದ ಸೇರಿಸಿ, ಫೈಲು ಮುಚ್ಚಿದಳು. ತಲೆಕೆಳಗಾಗಿ ಸೇರಿಸಿದ್ದಳು. ಅಕ್ಕ ಅದನ್ನು ನೋಡಿದಳು, ಪೆನ್ಸಿಲ್ಲನ್ನು ಮೇಜಿನ ಮೇಲಿಟ್ಟಳು.